ಬೆಲೆ ಹೇಳಿ ಸುಮ್ಮನಿರಿ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಈ ಕಲಾಶಾಲೆಯ ಅಧ್ಯಾಪಕರೇ, ಇವತ್ತು ಪದವಿ ಕೈಗೆ ಬಂದು ನಾಳೆ ಅದನ್ನು ಯಾವ ಗೋಡೆಗೆ ತೂಗುಹಾಕೋಣ ಎಂದು ಯೋಚಿಸಬೇಕಾದ ನನ್ನ ಪ್ರೀತಿಯ ಮಕ್ಕಳೇ, ಅವರಿಗಿಂತ ಹೆಚ್ಚು ಯೋಚಿಸುತ್ತಿರುವ ಅವರ ತಂದೆತಾಯಿಯರೇ, ಮತ್ತು ಬಾಗಿಲ ಹತ್ತಿರವೇ ಜಾಗ ಹಿಡಿದು ಕೂತಿರುವ ಜಾಣ ಸಭಿಕರೇ,

ನನಗೆ ಕೊಟ್ಟಿರುವ ವಿಷಯ, ‘ಹೊಸ ಕಲಾವಿದರು ತಮ್ಮ ಕೆಲಸಕ್ಕೆ ಬೆಲೆ ಕಟ್ಟುವುದು ಹೇಗೆ’ ಎಂಬುದು. ಒಳ್ಳೆಯ ವಿಷಯ. ಆದರೆ ಈ ವಿಷಯಕ್ಕೆ ಸಮಿತಿಯವರು ಮೊದಲು ಆರಿಸಿದ್ದು ನನ್ನನ್ನಲ್ಲ. ಅಧ್ಯಕ್ಷರು ಮುಖ ತಗ್ಗಿಸಬೇಕಾಗಿಲ್ಲ, ನನಗೆ ಬೇಸರವಿಲ್ಲ. ಮೊದಲು ಕರೆದದ್ದು ನನ್ನ ಸಹಪಾಠಿಯೊಬ್ಬರನ್ನು. ಅವರ ಚಿತ್ರಗಳನ್ನು ನೀವೆಲ್ಲ ನೋಡಿದ್ದೀರಿ, ಬೆಲೆ ಕೇಳಿ ಬೆಚ್ಚಿಬಿದ್ದಿದ್ದೀರಿ. ಬಂದು ಮಾತಾಡಿ ಅಂತ ಇವರು ಕೇಳಿದಾಗ ಅವರು ಅದಕ್ಕೂ ಒಂದು ಬೆಲೆ ಹೇಳಿದರಂತೆ. ಸಮಿತಿಯವರು ಅದನ್ನು ಕೇಳಿ, ಒಂದು ಲೋಟ ನೀರು ಕುಡಿದು, ನನಗೆ ಫೋನ್ ಮಾಡಿದರು. ನಾನು “ಅಯ್ಯೋ, ಅದಕ್ಕೇನಂತೆ, ಬರ್ತೀನಿ ಬಿಡಿ” ಅಂದೆ. ಆದ್ದರಿಂದ ಮಕ್ಕಳೇ, ಈ ವಿಷಯವನ್ನು ಬಲ್ಲವರು ಇವತ್ತು ಇಲ್ಲಿಗೆ ಬಂದಿಲ್ಲ. ಬಂದಿರುವುದು ನಾನು.

ಅಧ್ಯಕ್ಷರು ತಮ್ಮ ಪ್ರಾಸ್ತಾವಿಕ ನುಡಿಯಲ್ಲಿ ಒಂದು ಸುಂದರವಾದ ಮಾತು ಹೇಳಿದರು. ‘ಕಲೆಗೆ ಬೆಲೆ ಕಟ್ಟಲಾಗದು’ ಎಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ, ನಾನೂ ತಟ್ಟಿದೆ. ಆದರೆ ನನ್ನ ಅನುಭವದಲ್ಲಿ, ಕಲೆಗೆ ಬೆಲೆ ಕಟ್ಟಲಾಗದು ಅಂತ ಶುರು ಮಾಡಿದವರೆಲ್ಲ, ಕೆಲಸ ಮುಗಿದ ಮೇಲೆ, ಬೆಲೆ ಕೊಡಲೂ ಆಗದು ಅಂತಲೇ ಮುಗಿಸಿದ್ದಾರೆ. ಇದು ಅಧ್ಯಕ್ಷರನ್ನು ಕುರಿತು ಹೇಳಿದ್ದಲ್ಲ. ಅವರು ನನ್ನಿಂದ ಏನೂ ಬರೆಸಿಕೊಂಡಿಲ್ಲ. ಇನ್ನೂ.

ನನ್ನ ಮೊದಲ ಕೆಲಸದ ಕಥೆ ಹೇಳುತ್ತೇನೆ. ಆಗ ನಾನು ನಿಮ್ಮ ಹಾಗೆಯೇ ಓದು ಮುಗಿಸಿ ಹೊರಗೆ ಬಂದಿದ್ದೆ. ಮನೆಯಲ್ಲಿ ಅಮ್ಮ, ನಾನು, ನಮ್ಮ ಚಿಕ್ಕಮ್ಮ. ಅಪ್ಪ ಬೇಗ ಹೋಗಿಬಿಟ್ಟಿದ್ದರು. ಅಮ್ಮನದು ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ. ಮುಂದೆ ಅಂಗಡಿ, ನಡುವೆ ಮನೆ, ಹಿಂದೆ ಹಿತ್ತಿಲು. ಅಮ್ಮನ ವ್ಯಾಪಾರ ನೀತಿ ಬಹಳ ಸರಳ. “ಬಾಯಿಬಿಟ್ಟು ಕೇಳಬಾರದು. ಕೇಳಿದ್ರೆ ಗಿರಾಕಿ ಎದುರಂಗಡಿಗೆ ಹೋಗ್ತಾರೆ. ಕೊಟ್ಟಷ್ಟು ತಗೋಬೇಕು.” ಗಿರಾಕಿಗಳೂ ಈ ನೀತಿಯನ್ನು ಬಹಳ ಗೌರವಿಸುತ್ತಿದ್ದರು. ಕೊಟ್ಟಷ್ಟೇ ಕೊಡುತ್ತಿದ್ದರು.

ಹಲ್ಲಿನ ಡಾಕ್ಟರೊಬ್ಬರು ತಮ್ಮ ದವಾಖಾನೆಯಲ್ಲಿ ರೋಗಿಗಳು ಕಾಯುವ ಕೋಣೆಯ ಗೋಡೆಗೆ ಒಂದು ಚಿತ್ರ ಬೇಕು ಅಂದರು. “ನೋಡಿದವರು ನೋವು ಮರೀಬೇಕು” ಅಂದರು. ಒಂದು ಕಾಡು ಬರೆದೆ. ಮರ, ಹಕ್ಕಿ, ನೆರಳಲ್ಲಿ ಮಲಗಿದ ಒಂದು ಕರಡಿ. ಕರಡಿ ಬಾಯಿ ಮುಚ್ಚಿಕೊಂಡೇ ಇರಲಿ, ಹಲ್ಲು ಕಾಣಿಸಿದರೆ ಅದಕ್ಕೂ ಚಿಕಿತ್ಸೆ ಮಾಡಬೇಕೆನಿಸುತ್ತೆ ಅಂತ ಡಾಕ್ಟರೇ ತಮಾಷೆ ಮಾಡಿದರು. ಕೆಲಸ ಮುಗಿಯಿತು. “ಎಷ್ಟಾಯ್ತಮ್ಮ?” ಅಂತ ಕೇಳಿದರು.

ಸಭಿಕರೇ, ಈ ಮೂರಕ್ಷರದ ‘ಎಷ್ಟಾಯ್ತು’ ಎಂಬ ಪ್ರಶ್ನೆಗೆ ಉತ್ತರ ಕೊಡುವುದನ್ನು ಈ ಶಾಲೆಯಲ್ಲಿ ಕಲಿಸುತ್ತಾರೆಯೇ? ನೆರಳು ಬೆಳಕು ಕಲಿಸುತ್ತಾರೆ. ಮಾನವ ದೇಹದ ಮೂಳೆಗಳನ್ನು ಕಲಿಸುತ್ತಾರೆ. ಬೆನ್ನುಮೂಳೆ ಬರೆಯುವುದನ್ನಂತೂ ಚೆನ್ನಾಗಿಯೇ ಕಲಿಸುತ್ತಾರೆ. ಆದರೆ ಎಷ್ಟಾಯ್ತು ಅಂದಾಗ ಅದನ್ನು ನೆಟ್ಟಗೆ ಇಟ್ಟುಕೊಳ್ಳುವುದು ಹೇಗೆ?

ನಾನು ನೆಲ ನೋಡಿದೆ. “ನಿಮಗೆ ತೋಚಿದ್ದು ಕೊಡಿ ಡಾಕ್ಟ್ರೇ” ಅಂದೆ. ಡಾಕ್ಟರಿಗೆ ಏನು ತೋಚುತ್ತದೆ? ಹಲ್ಲು ತೋಚುತ್ತದೆ. “ನಿಮ್ಮ ಮನೆಯವರನ್ನೆಲ್ಲ ಕರ್ಕೊಂಡು ಬನ್ನಿ, ಎಲ್ಲರ ಹಲ್ಲೂ ನನ್ನ ಜವಾಬ್ದಾರಿ” ಅಂದರು. ನನ್ನ ಎರಡು ಹುಳುಕು ತುಂಬಿದವು. ಅಮ್ಮನಿಗೆ ಕಟ್ಟಿಸಿದ ಹಲ್ಲು ಬಂತು. ಚಿಕ್ಕಮ್ಮನಿಗೆ ಒಂದು ಹಲ್ಲೂ ಕೆಟ್ಟಿರಲಿಲ್ಲ. ಬಿಟ್ಟಿ ಬಂದದ್ದನ್ನು ಬಿಡುವುದು ಹೇಗೆ ಅಂತ ಅವಳು ಗಟ್ಟಿಮುಟ್ಟಾದ ಒಂದು ದವಡೆ ಹಲ್ಲನ್ನೇ ಕೀಳಿಸಿಕೊಂಡು ಬಂದಳು. ಇದು ಕಲೆಯಿಂದ ನಮ್ಮ ಮನೆಗೆ ಬಂದ ಮೊದಲ ಆದಾಯ.

ಸುದ್ದಿ ಹಬ್ಬಿತು. ಆ ಹುಡುಗಿ ದುಡ್ಡು ಕೇಳಲ್ಲ ಅನ್ನುವ ಸುದ್ದಿ ಹಬ್ಬುವಷ್ಟು ವೇಗವಾಗಿ ಆ ಹುಡುಗಿ ಚೆನ್ನಾಗಿ ಬರೀತಾಳೆ ಅನ್ನುವುದು ಹಬ್ಬುವುದಿಲ್ಲ. ವಕೀಲರಿಗೆ ಬರೆದುಕೊಟ್ಟೆ, ಬೇಕಾದಾಗ ಸಲಹೆ ಕೊಡ್ತೀನಿ ಅಂದರು; ನನ್ನ ಮೇಲೆ ಯಾರೂ ಕೇಸು ಹಾಕಲಿಲ್ಲ, ಸಲಹೆ ಹಾಗೇ ಉಳಿದುಕೊಂಡಿದೆ. ಪುಟ್ಟ ಮಕ್ಕಳ ಶಾಲೆ ನಡೆಸುವ ಒಬ್ಬ ಮೇಡಂ ಮಾತ್ರ, “ನಾನು ಬಿಟ್ಟಿ ಕೆಲಸ ಮಾಡಿಸಲ್ಲ, ಚದರಡಿ ಲೆಕ್ಕದಲ್ಲಿ ಕೊಡ್ತೀನಿ” ಅಂದರು. ನನಗೆ ಕಣ್ಣು ತುಂಬಿ ಬಂತು. ಚಿತ್ರ ಮುಗಿದು ಗೋಡೆ ಅಳೆಯುವ ದಿನ ಅವರು ಮೊದಲು ಕಿಟಕಿ ಕಳೆದರು. ಸರಿ, ನ್ಯಾಯ. ಆಮೇಲೆ ಬಾಗಿಲು ಕಳೆದರು. ಅದೂ ಸರಿ. ಆಮೇಲೆ ಚಿತ್ರದ ಮೇಲ್ಭಾಗಕ್ಕೆ ಕೈ ತೋರಿಸಿ, “ಇದು ಬರೀ ಆಕಾಶ ತಾನೆ? ಇಲ್ಲಿ ನೀವೇನೂ ಮಾಡಿಲ್ಲವಲ್ಲ?” ಅಂತ ಆಕಾಶವನ್ನೂ ಕಳೆದರು. ಭೂಮಿಗೆ ಮಾತ್ರ ದುಡ್ಡು ಬಂತು. ಅಂದಿನಿಂದ ನಾನು ಆಕಾಶದಲ್ಲಿ ಹಕ್ಕಿಗಳನ್ನು ಸ್ವಲ್ಪ ಹೆಚ್ಚಾಗಿಯೇ ಬರೆಯುತ್ತೇನೆ.

ಈಗ ನನ್ನ ಸಹಪಾಠಿಯ ವಿಷಯಕ್ಕೆ ಬರೋಣ. ಅವರನ್ನು ನಾವು ಸೊನ್ನೆ ಅಂತ ಕರೆಯುತ್ತಿದ್ದೆವು. ಪರೀಕ್ಷೆಯಲ್ಲಿ ಬಂದ ಸೊನ್ನೆ ಅಲ್ಲ. ಓದುವಾಗಲೇ ಒಂದು ಬೀದಿ ಪ್ರದರ್ಶನದಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂತಿದ್ದೆವು. ಸಂಜೆಯಾದರೂ ನನ್ನ ಒಂದು ಚಿತ್ರವನ್ನೂ ಯಾರೂ ಕೊಳ್ಳಲಿಲ್ಲ. ಅವರು ನನ್ನ ಒಂದು ಚಿತ್ರವನ್ನು ಎತ್ತಿಕೊಂಡು ತಮ್ಮ ಕಡೆ ಇಟ್ಟು, ನನ್ನ ಬೆಲೆಯ ಮುಂದೆ ಒಂದು ಸೊನ್ನೆ ಸೇರಿಸಿದರು. ಕತ್ತಲಾಗುವುದರೊಳಗೆ ಮಾರಿಹೋಯಿತು. ನನ್ನ ಬೆಲೆಯನ್ನು ನನಗೆ ಕೊಟ್ಟು, “ನೀನು ಕೇಳಿದ್ದು ಪೂರ್ತಿ ಬಂತಲ್ಲ?” ಅಂದ. ಬಂದಿತ್ತು. ಲೆಕ್ಕ ಸರಿಯಾಗಿಯೇ ಇತ್ತು. ಉಳಿದದ್ದು ಸೊನ್ನೆಯ ದುಡ್ಡು, ಸೊನ್ನೆ ಅವನದು. ಅಂದ ಅಂದೆನೇ? ಕ್ಷಮಿಸಿ. ಅಂದರು.

ದೊಡ್ಡ ಪ್ರತಿಭೆ ಅವರದು. ನಾನು ಬಣ್ಣ ಕಲಸುವಾಗ ಎರಡು ಲೋಟ ಚಹಾ ತಗೊಂಡು ಬಂದು ಹಿತ್ತಿಲ ಕಲ್ಲಿನ ಮೇಲೆ ಕೂತು, ಗಿರಾಕಿಯ ಮುಖ ನೋಡಬೇಡ, ಚಪ್ಪಲಿ ನೋಡಿ ಬೆಲೆ ಹೇಳು ಅಂತ ಪಾಠ ಹೇಳುತ್ತಿದ್ದರು. ಎಷ್ಟು ಸಂಜೆಗಳು ಬಂದರೋ! ಅಮ್ಮ ಅವರ ಅಂಗಿಗಳನ್ನೆಲ್ಲ ಸುಮ್ಮನೆ ಇಸ್ತ್ರಿ ಮಾಡಿಕೊಡುತ್ತಿದ್ದಳು. ಅಮ್ಮನಿಗೆ ಏನೋ ಲೆಕ್ಕಾಚಾರ ಇತ್ತು, ಅಮ್ಮಂದಿರಿಗೆ ಇರುತ್ತದಲ್ಲ. ಆಮೇಲೆ ಅವರು ಚೌಕಟ್ಟು ಹಾಕುವ ದೊಡ್ಡ ಅಂಗಡಿಯವರ ಮಗಳನ್ನು ಮದುವೆಯಾದರು. ಒಳ್ಳೆಯ ಸಂಬಂಧ. ಚಿತ್ರಕ್ಕೆ ಚೌಕಟ್ಟು ಬೇಕೇ ಬೇಕು. ನಾನೊಂದು ಚಿತ್ರ ಉಡುಗೊರೆ ಕೊಟ್ಟೆ. ಮದುವೆಗೆ ಬಂದ ಯಾರೋ ಅದರ ಬೆಲೆ ಎಷ್ಟಿರಬಹುದು ಅಂತ ಕೇಳಿದ್ದಕ್ಕೆ, ಮದುಮಗಳು, ಪಾಪ, ಮುಗ್ಧೆ, “ಇದಕ್ಕೆ ಬೆಲೆ ಇಲ್ಲ, ಪ್ರೀತಿಯಿಂದ ಕೊಟ್ಟಿದ್ದು” ಅಂದಳು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು.

ಇರಲಿ. ನಾನು ಏನು ಹೇಳುತ್ತಿದ್ದೆ? ಹಾಂ, ಬೆಲೆ.

ನಮ್ಮೂರಿನಲ್ಲಿ ಒಂದು ಹೊಸ ಹೋಟೆಲು ಕಟ್ಟಿದರು. ಒಳಗೆ ಕಾಲಿಟ್ಟರೆ ಎದುರಿಗೇ ಒಂದು ಉದ್ದ ಗೋಡೆ. ಅದರ ತುಂಬ ಚಿತ್ರ ಬೇಕು ಅಂತ ಮಾಲೀಕರು ಕಲಾವಿದರನ್ನು ಕರೆಸಿದರು. ನಾನು ಹೋದೆ. ಹೋಗುವ ಮುಂಚೆ ಕನ್ನಡಿ ಮುಂದೆ ನಿಂತು ಒಂದು ಮೊತ್ತ ಹೇಳಿಕೊಂಡು ಅಭ್ಯಾಸ ಮಾಡಿದ್ದೆ. ಅಲ್ಲಿ ಹೋಗಿ ಅದನ್ನು ಹೇಳಿಯೂ ಹೇಳಿದೆ. ಮಾಲೀಕರು ಬಾಯಿ ತೆರೆಯಲಿಲ್ಲ. ಅವರು ಯೋಚಿಸುತ್ತಿದ್ದರೋ, ಆಕಳಿಕೆ ತಡೆದುಕೊಳ್ಳುತ್ತಿದ್ದರೋ, ಯಾರಿಗೆ ಗೊತ್ತು? ಆ ಮೌನವನ್ನು ನನಗೆ ತಡೆಯಲಾಗಲಿಲ್ಲ. “ಜಾಸ್ತಿ ಆಯ್ತು ಅನ್ಸಿದ್ರೆ ಸ್ವಲ್ಪ ಕಡಿಮೆ ಮಾಡ್ತೀನಿ ಸರ್” ಅಂದೆ. ಅವರು ಆಗಲೂ ಮಾತಾಡಲಿಲ್ಲ. “ಬಣ್ಣದ ಖರ್ಚು ನಾನೇ ಹಾಕ್ಕೋತೀನಿ” ಅಂದೆ. ಅವರು ಕನ್ನಡಕ ಒರೆಸಿಕೊಂಡರು. “ಅರ್ಧಕ್ಕೆ ಮಾಡಿಕೊಡ್ತೀನಿ ಬಿಡಿ” ಅಂದೆ. ಮಕ್ಕಳೇ, ಜಗತ್ತಿನಲ್ಲಿ ಚೌಕಾಸಿ ಮಾಡಲು ಇಬ್ಬರು ಬೇಕು ಅನ್ನುತ್ತಾರೆ. ಸುಳ್ಳು. ನಾನೊಬ್ಬಳೇ ನನ್ನ ಜೊತೆ ಚೌಕಾಸಿ ಮಾಡಿ, ನಾನೇ ಸೋತು ಬಂದವಳು.

ಕೆಲಸ ನನಗೆ ಸಿಗಲಿಲ್ಲ. “ಇಷ್ಟು ಕಡಿಮೆಗೆ ಮಾಡ್ತೀನಿ ಅಂತಾಳಂದ್ರೆ ಏನೋ ಐಬಿರಬೇಕು” ಅಂದರಂತೆ. ಸೊನ್ನೆಯವರು ಹೋಗಿ, ಚಪ್ಪಲಿ ನೋಡಿ, ಬೆಲೆ ಹೇಳಿ, ಕೆಲಸ ಹಿಡಿದುಕೊಂಡು ಬಂದರು. ಆದರೆ ಅವರಿಗೆ ಆಗ ಅಂಥ ಮೂರು ಗೋಡೆಗಳಿದ್ದವು, ಕೈ ಎರಡೇ. ಒಂದು ಸಂಜೆ ಚಹಾ ತಗೊಂಡು ಬಂದರು. “ನೀನು ಎಷ್ಟಕ್ಕೆ ಮಾಡ್ತೀನಿ ಅಂದಿದ್ದೆ?” ಅಂದರು. ಹೇಳಿದೆ. “ಅಷ್ಟು ಕೊಡ್ತೀನಿ, ನೀನೇ ಬರೆದುಬಿಡು. ಹೆಸರು ಮಾತ್ರ ನನ್ನದು. ಅವರು ಹೆಸರಿಗೆ ದುಡ್ಡು ಕೊಟ್ಟಿರೋದು, ಮಾತು ತಪ್ಪೋಕಾಗಲ್ಲ ನೋಡು.” ಪ್ರಾಮಾಣಿಕರು. ನಾನು ಒಪ್ಪಿಕೊಂಡೆ. ನನ್ನ ಬೆಲೆ ನನಗೆ ಪೂರ್ತಿ ಬರುತ್ತಿತ್ತಲ್ಲ?

ಅಮ್ಮನಿಗೆ, ಹೋಟೆಲಿನಲ್ಲಿ ಬಣ್ಣ ಹಚ್ಚುವ ಕೆಲಸ ಸಿಕ್ಕಿದೆ ಅಂತಷ್ಟೇ ಹೇಳಿದೆ. ಅಮ್ಮ ಸುಣ್ಣ ಬಣ್ಣ ಅಂತ ತಿಳಿದುಕೊಂಡಳು. ಬಹಳ ಸಂತೋಷಪಟ್ಟಳು. “ಅದಕ್ಕೆ ದಿನಗೂಲಿ ಅಂತ ಇರುತ್ತೆ. ಈ ಚಿತ್ರಗಿತ್ರ ಬಿಟ್ಟು ಅದನ್ನೇ ಹಿಡ್ಕೋ” ಅಂದಳು.

ಆ ಗೋಡೆಯ ಮೇಲೆ ನಾನು ಏನು ಬರೆದೆ ಅಂತ ಕೇಳುತ್ತೀರಾ? ಸೊನ್ನೆಯವರು ಏನಾದರೂ ದೊಡ್ಡದಾಗಿ, ತಿಳಿಯದ ಹಾಗೆ ಇರಲಿ ಅಂದಿದ್ದರು. ನನಗೆ ತಿಳಿಯದ್ದನ್ನು ಬರೆಯಲು ಬರುವುದಿಲ್ಲ. ನಾನು ಬಟ್ಟೆ ಬರೆದೆ. ಹಿತ್ತಿಲಿನ ಹಗ್ಗಗಳ ಮೇಲೆ ಒಣಗುವ ಬಿಳಿ ಬೆಡ್‌ಶೀಟುಗಳು, ಸಾಲಿಗೆ ಸಾಲು, ಗಾಳಿ ತುಂಬಿಕೊಂಡು ಹಾರಾಡುವ ಹಾಗೆ. ಬೆಳಗಿನ ಬಿಸಿಲು ಅವುಗಳ ಹಿಂದಿನಿಂದ ಬೀಳುತ್ತದೆ. ಚಿಕ್ಕವಳಿದ್ದಾಗ ನಾನು ಅವುಗಳ ನಡುವೆ ಓಡಾಡುತ್ತಿದ್ದೆ, ಒದ್ದೆ ಬಟ್ಟೆ ಮುಖಕ್ಕೆ ತಾಗಿ ತಣ್ಣಗಾಗುತ್ತಿತ್ತು. ಬಿಳಿ ಅಂದರೆ ಬಿಳಿಯಲ್ಲ ಮಕ್ಕಳೇ, ನಿಮಗೆ ಗೊತ್ತು. ನೀಲಿ, ಹಳದಿ, ನೆರಳಿನ ಬೂದಿ. ಅಷ್ಟು ದೊಡ್ಡ ಗೋಡೆ ನನಗೆ ಅಲ್ಲಿಯವರೆಗೆ ಸಿಕ್ಕಿರಲಿಲ್ಲ. ಏಣಿಯ ಮೇಲೆ ನಿಂತಾಗ ಬೆಲೆ, ಹೆಸರು, ಅವನು, ಯಾವುದೂ ನೆನಪಿಗೆ ಬರುತ್ತಿರಲಿಲ್ಲ. ಇದನ್ನು ಗಿರಾಕಿಗಳ ಮುಂದೆ ಎಂದೂ ಹೇಳಬೇಡಿ. ಕೆಲಸ ಮಾಡುವಾಗ ನಿಮಗೆ ಖುಷಿಯಾಗುತ್ತದೆ ಅಂತ ಗೊತ್ತಾದರೆ ಅದನ್ನೂ ಬಿಲ್ಲಿನಲ್ಲಿ ಕಳೆಯುತ್ತಾರೆ.

ಹೋಟೆಲಿನ ಉದ್ಘಾಟನೆಗೆ ಕೆಲಸಗಾರರ ಮನೆಯವರನ್ನೂ ಕರೆದಿದ್ದರು. ಅಮ್ಮನನ್ನು ಕರೆದುಕೊಂಡು ಹೋದೆ. ಸುಣ್ಣ ಹೊಡೆದದ್ದು ಎಷ್ಟು ಚೆನ್ನಾಗಿದೆ ಅಂತ ನೋಡಲು ಅಮ್ಮ ಕಟ್ಟಿಸಿದ ಹಲ್ಲು ಹಾಕಿಕೊಂಡು ಬಂದಳು. ಗೋಡೆಯ ಮುಂದೆ ಮಾಲೀಕರು, ಪತ್ರಿಕೆಯವರು, ಊರಿನ ಗಣ್ಯರು. ಸೊನ್ನೆಯವರು ವಿವರಿಸುತ್ತಿದ್ದರು: “ಇವು ಮನುಷ್ಯನ ಅಂತರಂಗದ ಹಾಯಿಗಳು. ಪ್ರತಿಯೊಂದು ಹಾಯಿಯೂ ಒಂದು ಹೇಳದ ಮಾತು.” ಎಲ್ಲರೂ ತಲೆಯಾಡಿಸುತ್ತಿದ್ದರು. ಆಗ ನನ್ನ ಪಕ್ಕದಿಂದ ಅಮ್ಮನ ದನಿ ಎದ್ದಿತು. ಅಂಗಡಿಯಲ್ಲಿ ಕೂಗಿ ಕೂಗಿ ಅಭ್ಯಾಸವಾದ ದನಿ.

“ಅಯ್ಯೋ! ಇದು ನಮ್ಮ ಹಿತ್ತಿಲಲ್ವೇನೇ?”

ಎಲ್ಲರೂ ತಿರುಗಿದರು. ಅಮ್ಮ ಗೋಡೆಯ ಹತ್ತಿರ ಹೋಗಿ ಬೆರಳಿಟ್ಟಳು. “ಈ ಬೆಡ್‌ಶೀಟಿಗೆ ತೇಪೆ ಹಾಕಿದ್ದು ನಾನೇ. ಈ ಹಗ್ಗ ಜೋತುಬಿದ್ದಿದೆ, ಕಟ್ಟಿಸ್ಬೇಕು ಅಂತ ಆವತ್ತಿಂದ ಹೇಳ್ತಾನೇ ಇದೀನಿ. ನೀನು ಸುಣ್ಣ ಹೊಡೀತಿದೀಯ ಅಂದ್ಕೊಂಡಿದ್ದೆ ನಾನು!”

ಮಾಲೀಕರು ಅಮ್ಮನನ್ನು ನೋಡಿದರು, ನನ್ನನ್ನು ನೋಡಿದರು, ಸೊನ್ನೆಯವರನ್ನು ನೋಡಿದರು. ಸೊನ್ನೆಯವರು ನಕ್ಕರು. ಆ ನಗು ಕಲಿಯಲು ನನಗೆ ಈ ಜನ್ಮ ಸಾಲದು. “ಇವರು ನನ್ನ ಸಹಾಯಕಿ. ಬಣ್ಣ ಕಲಸಿಕೊಟ್ಟಿದ್ದಾರೆ. ಬಹಳ ಕಷ್ಟಪಟ್ಟಿದ್ದಾರೆ. ಅಲ್ವಾ?” ಅಂತ ನನ್ನ ಕಡೆ ತಿರುಗಿದರು.

ಸಭಿಕರೇ, ನಾನು ಏನು ಹೇಳಿದೆ ಅಂತ ಊಹಿಸಿ. ಇಲ್ಲಿ ಎಷ್ಟೋ ಮಂದಿ ತಾಯಂದಿರಿದ್ದೀರಿ. ನಿಮ್ಮ ಮಗಳು ಇಂಥ ಹೊತ್ತಿನಲ್ಲಿ ಏನು ಹೇಳಬೇಕು ಅಂತ ಬಯಸುತ್ತೀರಿ? ನಾನು “ಹೌದು ಸರ್” ಅಂದೆ. ಸರ್ ಅಂದೆ. ಒಂದೇ ಬೆಂಚಿನಲ್ಲಿ ಕೂತು ಓದಿದವನಿಗೆ.

ಮನೆಗೆ ಬಂದ ಮೇಲೆ, ಸೊನ್ನೆಯವರ ಎರಡು ಅಂಗಿ ನಮ್ಮಲ್ಲೇ ಇದ್ದವು, ಅಮ್ಮ ಅವನ್ನು ಒದ್ದೆಯಲ್ಲೇ ಮಡಚಿ ಒಂದು ಚೀಲಕ್ಕೆ ತುರುಕಿ, “ಇಸ್ತ್ರಿ ಬೇಕಾದ್ರೆ ಮಾವನ ಮನೇಲಿ ಮಾಡಿಸ್ಕೊಳ್ಲಿ” ಅಂದಳು. ಚಹಾ ಬರುವುದು ಅಲ್ಲಿಗೆ ನಿಂತಿತು.

ಕೆಲವು ತಿಂಗಳ ಮೇಲೆ ಆ ಹೋಟೆಲ್ ಮಾಲೀಕರೇ ನಮ್ಮ ಅಂಗಡಿಗೆ ಬಂದರು. ಒಗೆಯಲು ಬಟ್ಟೆ ತಂದಿರಬೇಕು ಅಂತ ಅಮ್ಮ ಕೈ ಚಾಚಿದಳು. ಅವರು ನನ್ನನ್ನು ಕೇಳಿದರು. ಇನ್ನೊಂದು ಹೋಟೆಲು ಕಟ್ಟಿಸುತ್ತಿದ್ದಾರೆ, ಇನ್ನೊಂದು ಗೋಡೆ ಇದೆ. “ಬಂದ ಗಿರಾಕಿಗಳೆಲ್ಲ ಅದರ ಮುಂದೇನೇ ನಿಲ್ತಾರಮ್ಮ. ಅದನ್ನು ಯಾರು ಬರೆದದ್ದು ಅಂತ ನನಗೆ ಆವತ್ತೇ ಗೊತ್ತಾಯ್ತು. ಈ ಸಲ ನೇರ ನಿಮ್ಮ ಹತ್ತಿರಾನೇ ಬಂದಿದೀನಿ” ಅಂದರು. ನನ್ನ ಎದೆ ಉಬ್ಬಿತು. ಅವರು ಮುಂದುವರಿಸಿದರು. “ಆವತ್ತು ಕೊಟ್ಟಿದ್ದು ಅವರ ಹೆಸರಿಗೆ. ನಿಮಗೆ ಹೆಸರಿಲ್ಲ. ಅಷ್ಟು ಉಳೀತಲ್ಲ? ಹೇಳಿ, ಎಷ್ಟು ಕಡಿಮೆ ಮಾಡ್ತೀರಿ?”

ನೋಡಿ, ಸಂಬಳ ಮಾತಾಡುವ ಮುಂಚೆಯೇ ದಂಡ ಹಾಕುವ ವಿದ್ಯೆ! ಮೊದಲು ಕೆಲಸಕ್ಕಿಂತ ಹೆಸರು ದೊಡ್ಡದು. ಕೆಲಸ ಯಾರದು ಅಂತ ಗೊತ್ತಾದ ಮೇಲೆ, ಹೆಸರಿಲ್ಲದ್ದಕ್ಕೆ ಕಡಿತ.

ನಾನು ಒಂದು ಮೊತ್ತ ಹೇಳಿದೆ. ಸೊನ್ನೆಯವರಿಗೆ ಕೊಟ್ಟದ್ದಕ್ಕಿಂತ ಕಡಿಮೆಯೇ, ಆದರೆ ನನ್ನ ಬಾಯಿಂದ ಅಲ್ಲಿಯವರೆಗೆ ಬಂದದ್ದರಲ್ಲಿ ದೊಡ್ಡದು. ಹೇಳಿದ ಮೇಲೆ ಅದು ನನ್ನ ದನಿಯೇ ಅಂತ ನನಗೇ ಅನುಮಾನ ಬಂತು.

“ನಮ್ಮಲ್ಲಿ ದೊಡ್ಡ ದೊಡ್ಡವರು ಬಂದು ಇಳ್ಕೋತಾರೆ. ನಿಮಗೆ ಹೆಸರು ಬರುತ್ತೆ” ಅಂದರು.

“ಹೆಸರು ನಾನೇ ಬರ್ಕೋತೀನಿ ಸರ್. ಅದಕ್ಕೆ ಬಣ್ಣ ಜಾಸ್ತಿ ಹಿಡಿಯಲ್ಲ” ಅಂದೆ.

ಅವರು ಸುಮ್ಮನಾದರು. ಅಂಗಡಿಯಲ್ಲಿ ಇಸ್ತ್ರಿ ಪೆಟ್ಟಿಗೆಯ ಬುಸ್ ಅನ್ನುವ ಸದ್ದೊಂದೇ. ಮತ್ತೆ ಅದೇ ಮೌನ. ಆ ಮೌನ ನನ್ನನ್ನು ಹೇಗೆ ಎಳೆಯುತ್ತದೆ ಅಂದರೆ, ಬಾವಿ ಕಟ್ಟೆಯ ಮೇಲೆ ಬಗ್ಗಿ ನೋಡಿದ ಹಾಗೆ. ನನ್ನ ಬಾಯಿ ತಾನಾಗಿ ತೆರೆಯಿತು. “ಬೇಕಾದ್ರೆ ಸರ್...” ಅಂದೆ.

“ಏ, ಬಾ ಇಲ್ಲಿ!” ಅಂದಳು ಅಮ್ಮ. “ಈ ಬೆಡ್‌ಶೀಟಿನ ತುದಿ ಹಿಡ್ಕೋ. ನನ್ನೊಬ್ಬಳ ಕೈಲಿ ಮಡಚೋಕಾಗಲ್ಲ.”

ಜೀವನಪೂರ್ತಿ ಒಬ್ಬಳೇ ಬೆಡ್‌ಶೀಟು ಮಡಚಿದವಳು! ನಾನು ಹೋಗಿ ಎರಡು ತುದಿ ಹಿಡಿದುಕೊಂಡೆ. ಅಮ್ಮ ಆ ಕಡೆ, ನಾನು ಈ ಕಡೆ. ಕೊಡವಿದೆವು. ಉದ್ದಕ್ಕೆ ಮಡಚಿದೆವು. ನಾನು ಮಾಲೀಕರ ಕಡೆ ತಿರುಗಲು ಹೋದಾಗಲೆಲ್ಲ ಅಮ್ಮ ಬಟ್ಟೆಯನ್ನು ಒಂದು ಜಗ್ಗು ಜಗ್ಗುತ್ತಿದ್ದಳು. ಹತ್ತಿರ ಬಂದು ಅಂಚಿಗೆ ಅಂಚು ಕೂಡಿಸಿದೆವು. ಮತ್ತೆ ದೂರ ಹೋದೆವು. ಅಮ್ಮ ಕೂಡಿಸಿದ ಅಂಚನ್ನೇ ಬಿಡಿಸಿ ಮತ್ತೆ ಮತ್ತೆ ಕೂಡಿಸುತ್ತಿದ್ದಳು. ಗಿರಾಕಿಯನ್ನು ಇಷ್ಟು ಹೊತ್ತು ಉತ್ತರವಿಲ್ಲದೆ ನಿಲ್ಲಿಸಿದ್ದು ಅವಳ ಬದುಕಿನಲ್ಲೇ ಅದು ಮೊದಲು. ನನಗಿಂತ ಅವಳಿಗೇ ಹೆಚ್ಚು ಭಯವಾಗಿತ್ತು ಅಂತ ನನಗೆ ಆಗ ಕಂಡಿತು. ಆ ಬೆಡ್‌ಶೀಟು ಮಡಚಿ ಮಡಚಿ ಒಂದು ಕರವಸ್ತ್ರದಷ್ಟಾಯಿತು.

“ಆಯ್ತಮ್ಮ, ಹಾಗೇ ಮಾಡಿ” ಅಂದರು ಮಾಲೀಕರು. ಅರ್ಧ ಮುಂಗಡ ಅಲ್ಲೇ ಇಸ್ತ್ರಿ ಮೇಜಿನ ಮೇಲೆ ಎಣಿಸಿಟ್ಟು ಹೋದರು.

ನಾನು ಅಲ್ಲೇ ಬಟ್ಟೆ ಗಂಟಿನ ಮೇಲೆ ಕೂತುಬಿಟ್ಟೆ. ಅಳುವೋ ನಗುವೋ, ಎರಡೂ ಒಟ್ಟಿಗೆ ಬಂದವು. ಅಮ್ಮ ಬಾಗಿಲಿಗೆ ಹೋಗಿ ಅವರ ಕಾರು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದಳು. ಈಗ ಏನೋ ದೊಡ್ಡ ಮಾತು ಹೇಳುತ್ತಾಳೆ, ಹೆಮ್ಮೆ ಅಂತಲೋ, ನಿನ್ನಪ್ಪ ಇದ್ದಿದ್ದರೆ ಅಂತಲೋ, ಅಂದುಕೊಂಡೆ. ಅಮ್ಮ ತಿರುಗಿ ಬಂದು, ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ನೋಡಿದಳು.

“ಇಷ್ಟು ಬೇಗ ಒಪ್ಕೊಂಡನಲ್ಲೇ” ಅಂದಳು. “ಇನ್ನೂ ಸ್ವಲ್ಪ ಕೇಳಬಹುದಿತ್ತು.”

ಸಭಿಕರೇ, ನನಗೆ ಆಮೇಲೆ ಪ್ರಶಸ್ತಿಗಳು ಬಂದಿವೆ. ಪತ್ರಿಕೆಗಳಲ್ಲಿ ಒಳ್ಳೆಯ ಮಾತು ಬರೆದಿದ್ದಾರೆ. ಇಂಥ ವೇದಿಕೆಗಳಲ್ಲಿ ಹೂಗುಚ್ಛ ಕೊಟ್ಟಿದ್ದಾರೆ, ಇವತ್ತು ಕೊಟ್ಟದ್ದೂ ಚೆನ್ನಾಗಿದೆ. ಆದರೆ ನನ್ನ ಕೆಲಸದ ಬಗ್ಗೆ ಅಮ್ಮನ ಆ ಮಾತಿಗಿಂತ ದೊಡ್ಡ ವಿಮರ್ಶೆಯನ್ನು ಯಾರೂ ಮಾಡಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ವಿಷಯಕ್ಕೆ ಬಂದು ಮುಗಿಸುತ್ತೇನೆ. ಬೆಲೆ ಕಟ್ಟಲು ಸೂತ್ರವಿದೆಯೇ? ಇದೆ ಅಂತ ಪುಸ್ತಕಗಳು ಹೇಳುತ್ತವೆ. ಬಣ್ಣದ ಖರ್ಚು ಹಾಕಿ, ಕೆಲಸದ ಹೊತ್ತು ಹಾಕಿ, ಬಾಡಿಗೆ ಹಾಕಿ, ಊಟ ಹಾಕಿ. ಖಂಡಿತ ಹಾಕಿ, ಮರೆಯಬೇಡಿ, ಆಕಾಶವನ್ನೂ ಹಾಕಿ. ಆದರೆ ಅಷ್ಟೆಲ್ಲ ಕೂಡಿಸಿ ಬಂದ ಮೊತ್ತವನ್ನು ಎದುರಿಗಿರುವ ಮನುಷ್ಯನಿಗೆ ಹೇಳಿದ ಮೇಲೆ ಒಂದು ಗಳಿಗೆ ಬರುತ್ತದೆ. ಆ ಗಳಿಗೆಗೆ ಸೂತ್ರವಿಲ್ಲ. ಅಲ್ಲಿ ನೀವು ಸುಮ್ಮನಿರಬೇಕು. ಗಿರಾಕಿ ಎದ್ದು ಹೋಗಲೂಬಹುದು. ನನ್ನ ಎದುರಿನಿಂದಲೂ ಆಮೇಲೆ ಎಷ್ಟೋ ಮಂದಿ ಎದ್ದು ಹೋಗಿದ್ದಾರೆ. ಹೊಟ್ಟೆ ಉರಿಯುತ್ತದೆ. ಉರಿಯಲಿ. ಮಾರನೆಯ ದಿನ ಮತ್ತೆ ಬಣ್ಣ ಕಲಸಬಹುದು.

ನಿಮ್ಮ ಚಿತ್ರಗಳನ್ನು ಪಕ್ಕದ ಕೋಣೆಯಲ್ಲಿ ಇಟ್ಟಿದ್ದೀರಿ. ಬರುವಾಗ ಇಣುಕಿ ನೋಡಿದೆ. ಎಲ್ಲ ಚಿತ್ರಗಳ ಕೆಳಗೂ ಹೆಸರಿದೆ, ಒಂದರ ಕೆಳಗೂ ಬೆಲೆಯಿಲ್ಲ. ಸಭೆ ಮುಗಿದ ಮೇಲೆ ನಾನು ಅಲ್ಲಿಗೆ ಬರುತ್ತೇನೆ. ಬರೀ ನೋಡುವುದಕ್ಕಲ್ಲ, ಒಂದನ್ನು ಕೊಳ್ಳುವುದಕ್ಕೆ. ಯಾವುದು ಅಂತ ಹೇಳುವುದಿಲ್ಲ. ನಿಮ್ಮಲ್ಲೊಬ್ಬರನ್ನು ‘ಎಷ್ಟು’ ಅಂತ ಕೇಳುತ್ತೇನೆ. ನೀವು ಹೇಳಿದ್ದನ್ನು ಕೇಳಿ ಹುಬ್ಬು ಹಾರಿಸುತ್ತೇನೆ. ನಾನು ನಿಮ್ಮ ತಾಯಿಯ ವಯಸ್ಸಿನವಳು ಅನ್ನುತ್ತೇನೆ. ನನ್ನ ಮನೆಗೆ ದೊಡ್ಡ ದೊಡ್ಡವರು ಬರುತ್ತಾರೆ, ನಿಮಗೆ ಹೆಸರು ಬರುತ್ತದೆ ಅನ್ನುತ್ತೇನೆ. ಆಮೇಲೆ ಮುಖ ಸಪ್ಪೆ ಮಾಡಿಕೊಂಡು ಬಾಗಿಲವರೆಗೂ ಹೋಗುತ್ತೇನೆ.

ಕರೆಯಬೇಡಿ. ದಯವಿಟ್ಟು ಕರೆಯಬೇಡಿ. ಎಷ್ಟು ಕಷ್ಟವಾದರೂ ಬಾಯಿ ಬಿಗಿಹಿಡಿದು ನಿಂತುಕೊಳ್ಳಿ. ನಾನೇ ತಿರುಗಿ ಬರುತ್ತೇನೆ.

ಇಷ್ಟು ಹೊತ್ತು ಯಾರೂ ಬಾಗಿಲ ಕಡೆ ನಡೆಯದೆ ನನ್ನ ಮಾತು ಕೇಳಿದ್ದೀರಿ, ಅದಕ್ಕೆ ನಾನು ಋಣಿ. ಕರೆದ ಸಮಿತಿಗೆ, ಸಹಿಸಿಕೊಂಡ ಅಧ್ಯಕ್ಷರಿಗೆ, ನಿಮ್ಮೆಲ್ಲರಿಗೂ ನನ್ನ ನಮಸ್ಕಾರ.